ನೀರಿಗೆ ಹಾಕಲಾಗದ ಸೋಡಿಯಂನ ವಿಭವ ಅಳೆದ ಕತೆ

ಪ್ಲಸ್ ಟು ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಪಟ್ಟಿ ಇದೆ. ವಿದ್ಯುದಾಗ್ರಗಳ ಪ್ರಮಾಣಿತ ವಿಭವದ ಪಟ್ಟಿ. ತಾಮ್ರಕ್ಕೆ +0.34 ವೋಲ್ಟ್, ಸತುವಿಗೆ -0.76, ಸೋಡಿಯಂಗೆ -2.71, ಲಿಥಿಯಂಗೆ -3.05... ಹೀಗೆ ಉದ್ದಕ್ಕೆ ಹೋಗುತ್ತದೆ. ಮಕ್ಕಳು ಅದನ್ನು ನೋಡಿ ಲೆಕ್ಕ ಮಾಡುತ್ತಾರೆ, ಮಾರ್ಕು ತೆಗೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಹತ್ತರ ತನಕ ಕನ್ನಡದಲ್ಲಿ ಕಲಿತು ಅಲ್ಲಿಂದ ಒಮ್ಮೆಲೇ ಇಂಗ್ಲಿಷಿಗೆ ಹಾರುವ ನಮ್ಮ ಗಡಿನಾಡಿನ ಮಕ್ಕಳಿಗಂತೂ ಆ ಪಟ್ಟಿಯ ಹಿಂದೆ ಏನಿದೆ ಎಂದು ಕೇಳುವಷ್ಟು ಪುರುಸೊತ್ತೇ ಇರುವುದಿಲ್ಲ.

ಈ ಸಂಖ್ಯೆಗಳನ್ನು ಹೇಗೆ ಪಡೆಯುತ್ತಾರೆ ಎಂಬುದೂ ಅದೇ ಅಧ್ಯಾಯದಲ್ಲಿ ಇದೆ. ಲೋಹದ ಸರಳನ್ನು ಅದರದ್ದೇ ಲವಣದ ದ್ರಾವಣದಲ್ಲಿ ಅದ್ದಬೇಕು. ಇನ್ನೊಂದು ಬೀಕರಿನಲ್ಲಿ ಹೈಡ್ರೋಜನ್ ವಿದ್ಯುದಾಗ್ರ ಇಡಬೇಕು. ನಡುವೆ ಲವಣ ಸೇತುವೆ. ವೋಲ್ಟ್ ಮೀಟರಿನಲ್ಲಿ ಬಂದದ್ದನ್ನು ಬರೆದುಕೊಂಡರೆ ಆಯಿತು. ಹೈಡ್ರೋಜನ್ನಿನದ್ದು ಸೊನ್ನೆ ಎಂದು ನಾವೇ ಒಪ್ಪಿಕೊಂಡದ್ದು, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ಸತು, ತಾಮ್ರ, ಬೆಳ್ಳಿಗೆ ಇದು ಸರಿ. ನಮ್ಮ ಶಾಲೆಗಳ ಲ್ಯಾಬಿನಲ್ಲೇ ಮಾಡಬಹುದು.

ಸೋಡಿಯಂಗೆ ಏನು ಮಾಡುವುದು ಮಾರಾಯ್ರೆ? ಚಿಮಿಣಿ ಎಣ್ಣೆಯಲ್ಲಿ (ಘಟ್ಟದ ಮೇಲಿನವರ ಸೀಮೆಎಣ್ಣೆ) ಮುಳುಗಿಸಿ ಇಡುವ ಲೋಹ ಅದು. ನೀರಿಗೆ ಹಾಕಿದರೆ ಬುಸುಗುಟ್ಟುತ್ತ ಓಡಾಡಿ, ದೊಡ್ಡ ತುಂಡಾದರೆ ಸ್ಫೋಟಿಸಿ ಮುಗಿಯುತ್ತದೆ. ಅದನ್ನು ಉಪ್ಪು ನೀರಿನಲ್ಲಿ ಅದ್ದಿ ನಿಧಾನವಾಗಿ ವೋಲ್ಟ್ ಮೀಟರ್ ಓದಿದವರು ಯಾರು? ಯಾರೂ ಇಲ್ಲ. ಹಾಗಾದರೆ -2.71 ಎಲ್ಲಿಂದ ಬಂತು?

ನೀರೇ ಇಲ್ಲದ ದ್ರಾವಣದಲ್ಲಿ ಅಳೆದು ಬಂತು. ಜಲೇತರ ದ್ರಾವಣ ಎನ್ನೋಣ. ಇಂಥ ದ್ರಾವಣಗಳಲ್ಲಿ ವಿಭವ ಅಳೆಯುವ ಕೆಲಸಕ್ಕೆ ನೂರಿಪ್ಪತ್ತೈದು ವರ್ಷಗಳ ಇತಿಹಾಸ ಇದೆ. ಅದರಲ್ಲಿ ಜಗಳ ಇದೆ, ಜಾಣ್ಮೆ ಇದೆ, ಮುಗಿಯದ ಒಂದು ತೊಡಕೂ ಇದೆ.

ಮೊದಲು ಜಗಳ. 1880ರ ದಶಕದಲ್ಲಿ ಸ್ವೀಡನ್ನಿನ ಅರ‍್ಹೀನಿಯಸ್ ಲವಣಗಳು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆ ಎಂದ. 1889ರಲ್ಲಿ ಜರ್ಮನಿಯ ನೆರ್ನ್‌ಸ್ಟ್ ಅದರ ಮೇಲೆ ತನ್ನ ಸಮೀಕರಣ ಕಟ್ಟಿದ. ಪ್ರತಿ ಲೋಹಕ್ಕೂ ದ್ರಾವಣದೊಳಗೆ ಇಳಿಯುವ ಒಂದು ಒತ್ತಡ ಇದೆ, ಅದೇ ವಿಭವದ ಮೂಲ ಎಂಬುದು ಅವನ ಚಿತ್ರ. ಇವರ ಗುರುಸ್ಥಾನದಲ್ಲಿದ್ದವನು ಲೈಪ್ಜಿಗ್ಗಿನ ಓಸ್ಟ್‌ವಾಲ್ಡ್. ಅಮೆರಿಕದಿಂದ ಹುಡುಗರು ಹಡಗು ಹತ್ತಿ ಅಲ್ಲಿಗೆ ಕಲಿಯಲು ಹೋಗುತ್ತಿದ್ದ ಕಾಲ ಅದು. ಹಾಗೆ ಹೋದವರಲ್ಲಿ ವಿಸ್ಕಾನ್ಸಿನ್ನಿನ ಲೂಯಿಸ್ ಕಾಲೆನ್‌ಬರ್ಗ್ ಒಬ್ಬ. 1895ರಲ್ಲಿ ಡಾಕ್ಟರೇಟ್ ಪಡೆದು, ಅಯಾನು ಸಿದ್ಧಾಂತದ ಭಕ್ತನಾಗಿ ಊರಿಗೆ ಮರಳಿದ. ಕೆಲವೇ ವರ್ಷಗಳಲ್ಲಿ ಅದೇ ಸಿದ್ಧಾಂತದ ಕಡುವೈರಿಯಾದ.

ಅವನ ತಕರಾರು ಸರಳ. ನೀವು ಹೇಳಿದ್ದೆಲ್ಲ ನೀರಿನ ಬಗ್ಗೆ, ಲೋಕದಲ್ಲಿ ನೀರೊಂದೇ ದ್ರಾವಕವೋ? ಅವನು ಪಿರಿಡಿನ್, ಆಲ್ಕೊಹಾಲು ಮುಂತಾದವುಗಳಲ್ಲಿ ಲವಣ ಕರಗಿಸಿ ಅಳೆಯಲು ಕೂತ. 1899ರಲ್ಲಿ ಲೋಹಗಳಿಗೂ ಅವುಗಳ ಲವಣದ ಜಲೇತರ ದ್ರಾವಣಗಳಿಗೂ ನಡುವಿನ ವಿಭವಾಂತರದ ಬಗ್ಗೆ ಲೇಖನ ಪ್ರಕಟಿಸಿದ. ದ್ರಾವಕ ಬದಲಾದರೆ ಅದೇ ಲೋಹದ ವಿಭವವೂ ಬದಲಾಗುತ್ತದೆ. ಲೋಹದ 'ಒತ್ತಡ' ಎಂಬುದು ಲೋಹದ ಸ್ವಂತ ಆಸ್ತಿ ಅಲ್ಲ, ಅರ್ಧ ದ್ರಾವಕದ್ದು. ಅಷ್ಟಕ್ಕೇ ನಿಲ್ಲದೆ, ವಿದ್ಯುತ್ತೇ ಹರಿಯದ ಬೆಂಜೀನಿನಲ್ಲೂ ಕೆಲವು ರಾಸಾಯನಿಕ ಕ್ರಿಯೆಗಳು ಕ್ಷಣದಲ್ಲಿ ಮುಗಿಯುತ್ತವೆ, ಹಾಗಾಗಿ ಅಯಾನುಗಳೇ ಬೇಡ ಎಂದೂ ವಾದಿಸಿದ. ಅಯಾನುಗಳ ವಿಷಯದಲ್ಲಿ ಅವನು ಸೋತ, ಸೋಲಬೇಕಾದದ್ದೇ. ಆದರೆ ನೀರಿನ ನಿಯಮವನ್ನು ಎಲ್ಲ ದ್ರವಗಳ ನಿಯಮ ಎಂದು ಹೇಳಬೇಡಿ ಎಂದನಲ್ಲ, ಅದು ಸರಿಯಾಗಿಯೇ ಇತ್ತು. ಪಠ್ಯಪುಸ್ತಕಗಳಲ್ಲಿ ಅವನ ಹೆಸರು ಇಲ್ಲದಿರುವುದು ನನಗೇನೋ ಅನ್ಯಾಯ ಅನಿಸುತ್ತದೆ.

ಅದೇ ಹೊತ್ತಿಗೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹ್ಯಾಮಿಲ್ಟನ್ ಕೇಡಿ ಎಂಬ ವಿದ್ಯಾರ್ಥಿ ಇದ್ದ. ಕೋಬಾಲ್ಟ್ ಲವಣಗಳಲ್ಲಿ ಅಮೋನಿಯಾ ಕೂತಿರುವ ರೀತಿ, ಮೈಲುತುತ್ತಿನ ಹರಳಿನಲ್ಲಿ ನೀರು ಕೂತಿರುವ ರೀತಿಯಂತೆಯೇ ಇದೆಯಲ್ಲ, ಹಾಗಾದರೆ ದ್ರವರೂಪದ ಅಮೋನಿಯಾವೂ ನೀರಿನಂತೆ ದ್ರಾವಕ ಆಗಬೇಕಲ್ಲ ಎಂದು ಅವನಿಗೆ ಹೊಳೆಯಿತು. ಪ್ರಾಧ್ಯಾಪಕ ಫ್ರಾಂಕ್ಲಿನ್ ಬೆಂಬಲಿಸಿದ. 1897ರಲ್ಲಿ ಕೇಡಿಯ ಲೇಖನ ಬಂತು: ಲವಣಗಳು ದ್ರವ ಅಮೋನಿಯಾದಲ್ಲಿ ಕರಗುತ್ತವೆ, ವಿದ್ಯುತ್ತೂ ಚೆನ್ನಾಗಿ ಹರಿಯುತ್ತದೆ. ಅಮೋನಿಯಾ ದ್ರವವಾಗಬೇಕಾದರೆ -33 ಡಿಗ್ರಿಗೆ ತಂಪಾಗಬೇಕು, ಅಥವಾ ಒತ್ತಡದಲ್ಲಿರಬೇಕು. ನಮ್ಮ ಕರಾವಳಿಯಲ್ಲಿ ಮೀನಿಗೆ ಬೇಕಾದ ಐಸ್ ಮಾಡುವ ಫ್ಯಾಕ್ಟರಿಗಳ ಕೊಳವೆಗಳಲ್ಲಿ ಓಡುವುದು ಅದೇ ಅಮೋನಿಯಾ.

ಅಮೋನಿಯಾದಲ್ಲಿ ಇನ್ನೊಂದು ಸೋಜಿಗ ಇದೆ. ಅದಕ್ಕೆ ಸೋಡಿಯಂ ಹಾಕಿದರೆ ಸ್ಫೋಟ ಇಲ್ಲ, ಸದ್ದಿಲ್ಲ. ಸಕ್ಕರೆಯ ಹಾಗೆ ಕರಗಿ ದ್ರಾವಣ ಕಡುನೀಲಿ ಆಗುತ್ತದೆ. 1864ರಲ್ಲೇ ವೈಲ್ ಎಂಬವನು ಇದನ್ನು ವರದಿ ಮಾಡಿದ್ದ. ಕ್ಯಾನ್ಸಸ್ಸಿನಲ್ಲೇ ಓದಿದ ಚಾರ್ಲ್ಸ್ ಕ್ರಾಸ್ ಎಂಬವನು 1907-08ರ ಸುಮಾರಿಗೆ ಇದಕ್ಕೆ ವಿವರಣೆ ಕೊಟ್ಟ: ಸೋಡಿಯಂ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಅಮೋನಿಯಾ ಅಣುಗಳ ನಡುವೆ ಬಿಡಿಯಾಗಿ ಇವೆ, ನೀಲಿ ಬಣ್ಣ ಅವುಗಳದ್ದು. ಈ ಕ್ರಾಸ್ ಆಗ ಎಂ.ಐ.ಟಿ.ಯಲ್ಲಿದ್ದ. 1916ರ ತನಕ ಎಂ.ಐ.ಟಿ. ಇದ್ದದ್ದು ಬೋಸ್ಟನ್ ನಗರದೊಳಗೆ, ಈಗಿನ ಕೇಂಬ್ರಿಜ್‌ನಲ್ಲಿ ಅಲ್ಲ.

ಅದೇ ಪ್ರಯೋಗಾಲಯದಲ್ಲಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಇದ್ದ. ಅಣುಗಳ ನಡುವೆ ಎರಡೆರಡು ಚುಕ್ಕಿ ಇಟ್ಟು ಬಂಧ ತೋರಿಸುತ್ತೇವಲ್ಲ, ಆ ಲೂಯಿಸನೇ. ಚುಕ್ಕಿಗಳು ಅಚ್ಚಾದದ್ದು 1916ರಲ್ಲಿ. ಅದಕ್ಕೆ ಮೊದಲು ಅವನ ತಲೆಯಲ್ಲಿದ್ದದ್ದು ಉಷ್ಣಬಲಶಾಸ್ತ್ರ. ಎಲ್ಲ ಪದಾರ್ಥಗಳಿಗೂ ನಂಬಬಹುದಾದ ಶಕ್ತಿಯ ಕೋಷ್ಟಕ ಬೇಕು, ಅದಕ್ಕೆ ನಿಖರವಾದ ವಿಭವಗಳು ಬೇಕು ಎಂದು ಒಂದೊಂದೇ ವಿದ್ಯುದಾಗ್ರವನ್ನು ಹಿಡಿದು ಅಳೆಯುತ್ತ ಬಂದಿದ್ದ. ಸೋಡಿಯಂ ಬಂದಾಗ ನೀರಿನ ತೊಡಕು ಎದುರಾಯಿತು. ಜಲೇತರ ದ್ರಾವಣದ ಕೈಚಳಕ ಬಲ್ಲ ಕ್ರಾಸ್ ಪಕ್ಕದಲ್ಲೇ ಇದ್ದ. 1910ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಅವರ ಉಪಾಯ ಹೀಗೆ. ಮನೆಯ ಅಟ್ಟಕ್ಕೆ ಒಂದೇ ನೆಗೆತದಲ್ಲಿ ಹತ್ತಲು ಆಗದಿದ್ದರೆ ನಡುವೆ ಒಂದು ಸ್ಟೂಲು ಇಡುತ್ತೇವಷ್ಟೆ. ಸೋಡಿಯಂಗೂ ನೀರಿಗೂ ನಡುವೆ ಅವರು ಇಟ್ಟ ಸ್ಟೂಲು ಪಾದರಸ. ಪಾದರಸದಲ್ಲಿ ಅತಿ ಸ್ವಲ್ಪ, ತೂಕದಲ್ಲಿ ಶೇಕಡಾ 0.2ರಷ್ಟು ಸೋಡಿಯಂ ಕರಗಿಸಿದರೆ ಸಿಗುವ ಅಮಾಲ್ಗಂ ಬಹಳ ಸಾಧು. ಸೋಡಿಯಂನ ಆವೇಶ ಅರ್ಧ ಇಳಿದಿರುತ್ತದೆ. ಜೊತೆಗೆ ಪಾದರಸದ ಮೈಮೇಲೆ ಹೈಡ್ರೋಜನ್ ಅನಿಲ ಬಿಡುಗಡೆ ಆಗುವುದು ತೀರಾ ನಿಧಾನ. ಹಾಗಾಗಿ ಅದನ್ನು ಧೈರ್ಯವಾಗಿ ನೀರಿನ ದ್ರಾವಣಕ್ಕೆ ಮುಟ್ಟಿಸಬಹುದು. (1890ರ ದಶಕದಿಂದ ಕಾಸ್ಟಿಕ್ ಸೋಡಾ ತಯಾರಿಕೆಯ ಕಾರ್ಖಾನೆಗಳು ನಡೆದದ್ದೂ ಇದೇ ಗುಣದ ಬಲದ ಮೇಲೆ. ಪಾದರಸದ ವಿಷದ ಕಾರಣಕ್ಕೆ ಆ ಪದ್ಧತಿಯನ್ನು ಈಚೆಗೆ ಕೈಬಿಡುತ್ತ ಬಂದಿದ್ದಾರೆ.) ಅಮಾಲ್ಗಂಗೂ ಹೈಡ್ರೋಜನ್ ವಿದ್ಯುದಾಗ್ರಕ್ಕೂ ನಡುವಿನ ಅಂತರ ಸುಮಾರು 1.87 ವೋಲ್ಟ್ ಎಂದು ಸಿಕ್ಕಿತು. ಇದು ನೀರಿನಲ್ಲಿ ಹತ್ತಿದ ಮೆಟ್ಟಿಲು.

ಉಳಿದದ್ದು ಶುದ್ಧ ಸೋಡಿಯಂನಿಂದ ಅಮಾಲ್ಗಂ ತನಕದ ಮೆಟ್ಟಿಲು. ಇಲ್ಲಿ ನೀರು ಬೇಕೇ ಆಗಿಲ್ಲ! ಒಂದು ಬದಿಗೆ ಸೋಡಿಯಂ, ಇನ್ನೊಂದು ಬದಿಗೆ ಅಮಾಲ್ಗಂ, ನಡುವೆ ಸೋಡಿಯಂ ಅಯಾನು ಇರುವ ಯಾವುದೇ ದ್ರಾವಣ ಸಾಕು. ಒಂದು ಬದಿಯಲ್ಲಿ ಸೋಡಿಯಂ ಪರಮಾಣು ಅಯಾನಾಗಿ ದ್ರಾವಣಕ್ಕೆ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ ಒಂದು ಅಯಾನು ಪಾದರಸದೊಳಗೆ ಹೋಗಿ ಪರಮಾಣು ಆಗುತ್ತದೆ. ದ್ರಾವಣಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಒಟ್ಟಿನಲ್ಲಿ ಸೋಡಿಯಂ ಗಟ್ಟಿಯಿಂದ ಪಾದರಸಕ್ಕೆ ಸ್ಥಳಾಂತರ ಆಯಿತು ಅಷ್ಟೆ. ಆದ್ದರಿಂದ ದ್ರಾವಕ ಯಾವುದು ಎಂಬುದು ಉತ್ತರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ದಡದ ಎತ್ತರ ದೋಣಿಯ ಮರ ಯಾವುದು ಎಂಬುದರಿಂದ ಬದಲಾಗುವುದಿಲ್ಲವಲ್ಲ, ಹಾಗೆ.

ದ್ರಾವಕ ಯಾವುದೂ ಆಗಬಹುದು ಎಂದರೂ ಅದು ಸೋಡಿಯಂ ಜೊತೆ ಜಗಳ ಆಡಬಾರದು, ಸೋಡಿಯಂ ಲವಣವನ್ನು ಕರಗಿಸಬೇಕು, ಲೋಹವನ್ನು ಕರಗಿಸಬಾರದು. ಅಮೋನಿಯಾ ಮೂರನೆಯ ಪರೀಕ್ಷೆಯಲ್ಲಿ ಫೇಲು: ವಿದ್ಯುದಾಗ್ರವೇ ಕರಗಿ ನೀಲಿ ಆಗಿಬಿಡುತ್ತದೆ. ಅಮೋನಿಯಾದ ಹತ್ತಿರದ ಸಂಬಂಧಿ ಈಥೈಲ್ ಅಮೀನ್ ಪಾಸಾಯಿತು. ಅದರಲ್ಲಿ ಸೋಡಿಯಂ ಅಯೊಡೈಡ್ ಕರಗುತ್ತದೆ, ಸೋಡಿಯಂ ಲೋಹ ತೀರಾ ಕಡಿಮೆ. ಆದರೆ ಈಥೈಲ್ ಅಮೀನ್ ಕುದಿಯುವುದು ಸುಮಾರು 17 ಡಿಗ್ರಿಯಲ್ಲಿ. ಕೋಣೆಯ ಬೆಚ್ಚಗೆ ಸಾಕು, ಆವಿಯಾಗಿ ಹೋಗುತ್ತದೆ. ತೇವ ಒಂಚೂರು ಒಳಗೆ ಸೇರಿದರೂ ಕೆಲಸ ಕೆಟ್ಟಿತು. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಏಳರ ಆಸುಪಾಸು, ನೀರಿನದ್ದು ಎಂಬತ್ತರ ಹತ್ತಿರ. ಅಂದರೆ ಅಯಾನುಗಳನ್ನು ಬಿಡಿಸಿ ಇಡುವ ಶಕ್ತಿ ಅದಕ್ಕೆ ಕಡಿಮೆ, ದ್ರಾವಣದಲ್ಲಿ ವಿದ್ಯುತ್ತು ಹರಿಯುವುದೂ ಕಷ್ಟ. ವಿಭವ ಅಳೆಯುವಾಗ ಪ್ರವಾಹ ಹರಿಸದೆ, ಎದುರಿನಿಂದ ಅಷ್ಟೇ ವೋಲ್ಟ್ ಕೊಟ್ಟು ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವಂತೆ ಸರಿತೂಗಿಸುವ ಹಳೆಯ ಪದ್ಧತಿ (ಪಾಗೆನ್‌ಡಾರ್ಫ್, 1841) ಇದ್ದದ್ದರಿಂದ ಬಚಾವು.

ಸಿಕ್ಕಿದ್ದು 0.845 ವೋಲ್ಟ್. ಎರಡೂ ಮೆಟ್ಟಿಲು ಕೂಡಿಸಿ ನೋಡಿ. 2.71! ನಮ್ಮ ಪುಸ್ತಕದಲ್ಲಿರುವುದು ಅದೇ.

ಲಿಥಿಯಂಗೂ ಇದೇ ದಾರಿ. 1913ರಲ್ಲಿ ಲೂಯಿಸ್ ಮತ್ತು ಫ್ರೆಡರಿಕ್ ಕೀಸ್ ಪ್ರಕಟಿಸಿದರು. ಲಿಥಿಯಂ ಅಮೀನುಗಳಲ್ಲಿ ಸೋಡಿಯಂಗಿಂತ ಸುಲಭವಾಗಿ ಕರಗುವ ಪೈಕಿ, ಅವರು ಬಳಸಿದ್ದು ಪ್ರೋಪೈಲ್ ಅಮೀನ್. ಮೂರು ವೋಲ್ಟಿಗೂ ಮಿಕ್ಕಿದ ಅಂಕೆ ಬಂತು. ಪಟ್ಟಿಯ ತುತ್ತತುದಿ. (ಪಟ್ಟಿಯಲ್ಲಿರುವ ಎಲ್ಲವನ್ನೂ ಹೀಗೆ ಅಳೆದಿದ್ದಾರೆ ಎಂದುಕೊಳ್ಳಬೇಡಿ. ಫ್ಲೋರಿನ್ನಿನಂಥವುಗಳ ವಿಭವ ಉಷ್ಣದ ಅಳತೆಗಳಿಂದ ಲೆಕ್ಕ ಹಾಕಿದ್ದು.)

ಲಿಥಿಯಂ ತುದಿಯಲ್ಲಿರುವುದೇ ಒಂದು ಒಗಟು. ನೀರಿಗೆ ಹಾಕಿದರೆ ಪೊಟ್ಯಾಸಿಯಂ ಹೊತ್ತಿ ಉರಿಯುತ್ತದೆ, ಸೋಡಿಯಂ ಓಡಾಡುತ್ತದೆ, ಲಿಥಿಯಂ ಸಭ್ಯವಾಗಿ ಗುಳ್ಳೆ ಬಿಡುತ್ತದೆ. ಹತ್ತನೆಯ ತರಗತಿಯ ಕ್ರಿಯಾಶೀಲತಾ ಶ್ರೇಣಿಯಲ್ಲಿ ಮೊದಲ ಸ್ಥಾನ ಪೊಟ್ಯಾಸಿಯಂಗೆ. ಎರಡು ವರ್ಷದ ನಂತರದ ಪುಸ್ತಕದಲ್ಲಿ ಲಿಥಿಯಂ ಮೇಲೆ ಬಂದು ಕೂತಿದೆ. ಯಾವುದು ಸರಿ?

ಒಂದು ಜಮಾ-ಖರ್ಚು ಬರೆಯೋಣ. ಗಟ್ಟಿ ಲೋಹದಿಂದ ಒಂದು ಮೋಲ್ ಪರಮಾಣು ಬಿಡಿಸಲು ಲಿಥಿಯಂಗೆ ಸುಮಾರು 159 ಕಿಲೋಜೌಲ್, ಸೋಡಿಯಂಗೆ 107, ಪೊಟ್ಯಾಸಿಯಂಗೆ 89 ಖರ್ಚು. ಎಲೆಕ್ಟ್ರಾನ್ ಕೀಳಲು ಕ್ರಮವಾಗಿ 520, 496, 419. ಒಟ್ಟು ಖರ್ಚು 679, 603, 508. ಇಲ್ಲಿಗೆ ನಿಲ್ಲಿಸಿದರೆ ಪೊಟ್ಯಾಸಿಯಂ ಅಗ್ಗ, ಲಿಥಿಯಂ ತೀರಾ ದುಬಾರಿ. ಈಗ ಅಯಾನು ನೀರಿಗೆ ಇಳಿದಾಗ ನೀರಿನ ಅಣುಗಳು ಅದನ್ನು ಸುತ್ತುವರಿದು ಹಿಂದಿರುಗಿಸುವ ಶಕ್ತಿ ಜಮೆ ಮಾಡಿ: ಪುಟ್ಟ ಲಿಥಿಯಂ ಅಯಾನಿಗೆ ಸುಮಾರು 520, ಸೋಡಿಯಂಗೆ 406, ಪೊಟ್ಯಾಸಿಯಂಗೆ 322. ಉಳಿದ ಖರ್ಚು 159, 197, 186. ಈಗ ಲಿಥಿಯಂ ಎಲ್ಲಕ್ಕಿಂತ ಅಗ್ಗ, ನಂತರ ಪೊಟ್ಯಾಸಿಯಂ, ಆಮೇಲೆ ಸೋಡಿಯಂ. -3.05, -2.93, -2.71. ಎಂಟ್ರಪಿ ಬಿಟ್ಟ ದಪ್ಪ ಲೆಕ್ಕವಾದರೂ ಪಟ್ಟಿಯ ಕ್ರಮ ಹಾಗೇ ಬಂತು ನೋಡಿ. ಲಿಥಿಯಂಗೆ ಮೊದಲ ಸ್ಥಾನ ಕೊಟ್ಟದ್ದು ಲಿಥಿಯಂ ಅಲ್ಲ, ನೀರು. ಹೊತ್ತಿ ಉರಿಯುವುದು ಬೇರೆ ವಿಷಯ, ಅದು ವೇಗದ್ದು. ಪೊಟ್ಯಾಸಿಯಂ 63 ಡಿಗ್ರಿಗೇ ಕರಗಿ ಹೊಸ ಹೊಸ ಮೈ ತೋರಿಸುತ್ತದೆ, ಲಿಥಿಯಂ ಕರಗಲು 180 ಡಿಗ್ರಿ ಬೇಕು.

ನೀರಿನ ಬದಲು ಬೇರೆ ದ್ರಾವಕ ಇದ್ದರೆ ಜಮೆಯ ಅಂಕೆ ಬದಲಾಗುತ್ತದೆ, ಆಗ ಕ್ರಮವೂ ಅಲುಗಾಡಬಹುದು. ಒಳ್ಳೆಯ ಉದಾಹರಣೆ ತಾಮ್ರ. ಒಂದು ಧನಾವೇಶದ ತಾಮ್ರದ ಅಯಾನು ನೀರಿನಲ್ಲಿ ನಿಲ್ಲುವುದಿಲ್ಲ. ಎರಡು ಸೇರಿ ಒಂದು ಲೋಹವಾಗುತ್ತದೆ, ಇನ್ನೊಂದು ಎರಡು ಆವೇಶದ ಅಯಾನಾಗುತ್ತದೆ. ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಇದು ತಿರುಗುಮುರುಗು. ಆ ಒಂದು ಆವೇಶದ ಅಯಾನನ್ನೇ ಅಸಿಟೋನೈಟ್ರೈಲ್ ಬಿಗಿದಪ್ಪಿ ಇಟ್ಟುಕೊಳ್ಳುತ್ತದೆ. ಕಾಲೆನ್‌ಬರ್ಗ್ ಹೇಳಿದ್ದು ಇದನ್ನೇ ಅಲ್ಲವೇ, ಒರಟು ಮಾತಿನಲ್ಲಿ?

ಇನ್ನು ಮುಗಿಯದ ತೊಡಕಿಗೆ ಬರೋಣ. ಲೂಯಿಸ್ ಜಲೇತರ ದ್ರಾವಣವನ್ನು ದೋಣಿಯಾಗಿ ಬಳಸಿದ, ಕೊನೆಗೆ ಬಂದು ಇಳಿದದ್ದು ನೀರಿನ ದಡದಲ್ಲೇ. ಆಮೇಲಿನವರಿಗೆ ಜಲೇತರ ದ್ರಾವಣದ ಒಳಗಿನ ವಿಭವವೇ ಬೇಕಾಯಿತು. 1922ರಲ್ಲಿ ಪ್ರಾಗ್‌ನ ಹೇರೊವ್‌ಸ್ಕಿ ಪೋಲರೋಗ್ರಫಿ ಕಂಡುಹಿಡಿದ. 1957ರಲ್ಲಿ ಮಿನೆಸೋಟದ ಕೋಲ್ಟಾಫ್ ಮತ್ತು ಕೂಟ್ಸೇ ಅದನ್ನು ಅಸಿಟೋನೈಟ್ರೈಲಿಗೆ ತಂದರು. ನೀರಿನಲ್ಲಿ ಕರಗದ, ನೀರಿನಲ್ಲಿ ಬದುಕದ ಸಾವಿರಾರು ಪದಾರ್ಥಗಳ ವಿಭವ ಅಳೆಯಲು ದಾರಿ ಆಯಿತು. ಆದರೆ ಎಲ್ಲಿಂದ ಅಳೆಯುವುದು?

ಎತ್ತರ ಅಳೆಯುವವರಿಗೆ ಸಮುದ್ರ ಮಟ್ಟ ಇದೆ. ನಮ್ಮ ದೇಶದ ಎತ್ತರಗಳಿಗೆ ಆಧಾರವಾಗಿ 1909ರಲ್ಲಿ ಒಂಬತ್ತು ಕಡೆಯ ಸಮುದ್ರ ಮಟ್ಟ ಹಿಡಿದಿದ್ದರು. ಕಾರವಾರ, ಬೇಪೂರು, ಕೊಚ್ಚಿ ಅದರಲ್ಲಿ ಸೇರಿವೆ. ಒಂದೇ ಕಡಲಾದ್ದರಿಂದ ಕಾರವಾರದ ಸೊನ್ನೆಗೂ ಬೇಪೂರಿನ ಸೊನ್ನೆಗೂ ಸಂಬಂಧ ಇದೆ. ಆದರೆ ಒಂದೊಂದು ದ್ರಾವಕವೂ ಒಂದೊಂದು ಬೇರೆ ಕಡಲು. ನೀರಿನ ಸೊನ್ನೆಯನ್ನು ಅಸಿಟೋನೈಟ್ರೈಲಿಗೆ ಸಾಗಿಸಲು ಎರಡು ದ್ರವಗಳನ್ನೂ ಎಲ್ಲಾದರೂ ಮುಟ್ಟಿಸಬೇಕು. ಮುಟ್ಟಿಸಿದ ಗಡಿಯಲ್ಲೇ ಒಂದು ವಿಭವ ಹುಟ್ಟುತ್ತದೆ, ಅದು ಎಷ್ಟು ಎಂದು ಬೇರ್ಪಡಿಸಿ ಅಳೆಯಲು ತಾತ್ವಿಕವಾಗಿಯೇ ಸಾಧ್ಯವಿಲ್ಲ. ಗಡಿಯಲ್ಲಿ ಏನು ಸೇರಿಕೊಳ್ಳುತ್ತದೆ, ಏನು ಕಳೆದುಹೋಗುತ್ತದೆ ಎಂದು ಲೆಕ್ಕ ಇಡುವುದು ಕಷ್ಟ ಎಂಬುದನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳೆಯಲಾಗದಿದ್ದರೆ ಒಪ್ಪಂದ ಮಾಡಿಕೊಳ್ಳಬೇಕು. 1947ರಲ್ಲಿ ರಷ್ಯಾದ ಪ್ಲೆಸ್ಕೋವ್ ಹೇಳಿದ: ರುಬಿಡಿಯಂ ಅಯಾನು ದೊಡ್ಡದು, ಆವೇಶ ಒಂದೇ, ಹಾಗಾಗಿ ಯಾವ ದ್ರಾವಕವೂ ಅದನ್ನು ಹೆಚ್ಚು ಬಿಗಿದಪ್ಪುವುದಿಲ್ಲ. ಅದರ ವಿಭವ ಎಲ್ಲ ದ್ರಾವಕದಲ್ಲೂ ಒಂದೇ ಎಂದು ಇಟ್ಟುಕೊಳ್ಳೋಣ. ಯೋಚನೆ ಸರಿ, ಆದರೆ ರುಬಿಡಿಯಂ ಹಿಡಿದು ಕೆಲಸ ಮಾಡುವುದು ಸೋಡಿಯಂಗಿಂತಲೂ ಕಷ್ಟ, ಮತ್ತು ಆ ಅಯಾನು ಇನ್ನೂ ದೊಡ್ಡದಿದ್ದರೆ ಚೆನ್ನಾಗಿತ್ತು. 1951ರಲ್ಲಿ ಫೆರೋಸೀನ್ ಎಂಬ ಕಿತ್ತಳೆ ಬಣ್ಣದ ಪುಡಿ ಅನಿರೀಕ್ಷಿತವಾಗಿ ಸಿಕ್ಕಿತ್ತು. ಎರಡು ಇಂಗಾಲದ ಉಂಗುರಗಳ ನಡುವೆ ಸ್ಯಾಂಡ್‌ವಿಚ್‌ನಂತೆ ಒಂದು ಕಬ್ಬಿಣದ ಪರಮಾಣು. ಒಂದು ಎಲೆಕ್ಟ್ರಾನ್ ಕೊಡುತ್ತದೆ, ಬೇಕೆಂದರೆ ವಾಪಸು ಪಡೆಯುತ್ತದೆ, ಆಕಾರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಬ್ಬಿಣ ಒಳಗೆ ಅಡಗಿರುವುದರಿಂದ ದ್ರಾವಕಕ್ಕೆ ಅದನ್ನು ನೇರವಾಗಿ ಮುಟ್ಟಲು ಆಗುವುದಿಲ್ಲ. 1960ರಲ್ಲಿ ಜರ್ಮನಿಯ ಕೆಪ್, ವೆಂಟ್ ಮತ್ತು ಸ್ಟ್ರೆಲೋ ಇದನ್ನೇ ಸೊನ್ನೆಯಾಗಿ ಇಟ್ಟುಕೊಳ್ಳಬಹುದು ಎಂದರು. 1984ರಲ್ಲಿ ಗ್ರಿಟ್ಸ್‌ನರ್ ಮತ್ತು ಕೂಟಾ ಬರೆದ ಐಯುಪಿಎಸಿ ಶಿಫಾರಸು ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. (ಜೊತೆಗೆ ಕ್ರೋಮಿಯಂನ ಇನ್ನೊಂದು ಸಂಯುಕ್ತವನ್ನೂ ಹೆಸರಿಸಿತ್ತು.) ಈಗ ಪ್ರಯೋಗ ಮುಗಿಯುವ ಹೊತ್ತಿಗೆ ಅದೇ ಬಾಟಲಿಗೆ ಒಂದು ಚಿಟಿಕೆ ಫೆರೋಸೀನ್ ಹಾಕಿ, ಅದರ ವಿಭವ ಗುರುತಿಸಿ, ಉಳಿದದ್ದನ್ನು ಅಲ್ಲಿಂದ ಎಣಿಸುವುದು ರೂಢಿ. ಅದು ನಿಜವಾಗಿ ಎಲ್ಲ ಕಡಲಿನಲ್ಲೂ ಒಂದೇ ಎತ್ತರದಲ್ಲಿದೆಯೋ? ಸಾಬೀತು ಮಾಡಲಾಗದು, ಒಪ್ಪಿಕೊಂಡಿದ್ದೇವೆ ಅಷ್ಟೆ.

ಬ್ಯಾಟರಿಯವರು ಮಾತ್ರ ಈ ಒಪ್ಪಂದದ ಗೊಡವೆಗೆ ಹೋಗಲಿಲ್ಲ. 1958ರಲ್ಲಿ ಬರ್ಕ್ಲಿಯಲ್ಲಿ ವಿಲಿಯಂ ಹ್ಯಾರಿಸ್ ಎಂಬ ಸಂಶೋಧಕ ಪ್ರೊಪಿಲೀನ್ ಕಾರ್ಬೊನೇಟಿನಂಥ ದ್ರಾವಕಗಳಲ್ಲಿ ಲಿಥಿಯಂನಂಥ ಲೋಹಗಳನ್ನು ವಿದ್ಯುತ್ತಿನಿಂದ ಲೇಪಿಸಬಹುದು ಎಂದು ತೋರಿಸಿದ. (ಬರ್ಕ್ಲಿ ಅಂದರೆ 1912ರಲ್ಲಿ ಎಂ.ಐ.ಟಿ. ಬಿಟ್ಟು ಲೂಯಿಸ್ ಹೋಗಿ ಸೇರಿದ ಊರು. 1946ರಲ್ಲಿ ಅವನು ತೀರಿಕೊಂಡದ್ದೂ ಅಲ್ಲಿನ ಪ್ರಯೋಗಾಲಯದಲ್ಲೇ, ದ್ರವ ಹೈಡ್ರೋಜನ್ ಸಯನೈಡ್ ಎಂಬ ಮತ್ತೊಂದು ಜಲೇತರ ದ್ರಾವಕದ ಮೇಲೆ ಕೆಲಸ ಮಾಡುತ್ತಿದ್ದಾಗ. ಹತ್ತಾರು ಸಲ ನೊಬೆಲ್‌ಗೆ ಹೆಸರು ಹೋಗಿಯೂ ಬರಲಿಲ್ಲ.) ನೀರು 1.23 ವೋಲ್ಟಿಗೆ ಒಡೆಯಲು ಸಿದ್ಧವಾಗುತ್ತದೆ. ಕಾರಿನ ಸೀಸದ ಬ್ಯಾಟರಿಯ ಒಂದು ಕೋಶ 2 ವೋಲ್ಟ್ ಕೊಡುವುದು ಅನಿಲ ಬಿಡುಗಡೆ ನಿಧಾನ ಎಂಬ ಕಾರಣಕ್ಕೆ ಮಾತ್ರ, ಅಲ್ಲಿಂದ ಮೇಲೆ ಹೋಗಲು ನೀರು ಬಿಡುವುದಿಲ್ಲ. ಇಂಗಾಲದ ಈ ಕಾರ್ಬೊನೇಟ್ ದ್ರಾವಕಗಳು ನಾಲ್ಕು ವೋಲ್ಟಿನ ತನಕ ತಾಳುತ್ತವೆ. 1976ರಲ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಗುಡ್‌ಇನಫ್, 1985ರಲ್ಲಿ ಯೋಶಿನೊ ಒಂದೊಂದು ಹೆಜ್ಜೆ ಇಟ್ಟರು. 1991ರಲ್ಲಿ ಸೋನಿ ಕಂಪೆನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಆ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಬ್ಯಾಟರಿ ಲ್ಯಾಬುಗಳಲ್ಲಿ ಸೊನ್ನೆ ಹೈಡ್ರೋಜನ್ ಅಲ್ಲ, ಫೆರೋಸೀನೂ ಅಲ್ಲ. ಅದೇ ದ್ರಾವಣದಲ್ಲಿ ಅದ್ದಿದ ಲಿಥಿಯಂ ಲೋಹದ ಚೂರು. ಅದರ ಲೆಕ್ಕದಲ್ಲಿ ಲಿಥಿಯಂ ತುಂಬಿದ ಗ್ರಾಫೈಟ್ ಸುಮಾರು 0.1 ವೋಲ್ಟಿನಲ್ಲಿ ಇದೆ, ಕೋಬಾಲ್ಟ್ ಆಕ್ಸೈಡಿನದ್ದು 3.9ರ ಆಸುಪಾಸು. ಮೊಬೈಲಿನ ಹಳೆಯ ಬ್ಯಾಟರಿ ಸಿಕ್ಕಿದರೆ ತಿರುಗಿಸಿ ನೋಡಿ. ಒಂದರಿಂದ ಇನ್ನೊಂದನ್ನು ಕಳೆದು, ಒಳಗಿನ ರೋಧಕ್ಕೆ ಸ್ವಲ್ಪ ಬಿಟ್ಟರೆ ಉಳಿಯುವ 3.7 ವೋಲ್ಟ್ ಅದರ ಮೇಲೆ ಅಚ್ಚಾಗಿರುತ್ತದೆ.